ಸುಮ್ನೆ ಕೊಡ್ತೀನಿ ಅಂದದ್ದೇ ತಪ್ಪಾಯಿತಾ?

"ಸುಮ್ನೆ ಕೊಡ್ತಿರೋದು ಕೋಳಿ. ಹೆಣ್ಣು ಕೊಡೋರ ಥರ ವಿಚಾರಿಸ್ತೀರಲ್ಲ!"

ಇವತ್ತು ಬೆಳಗ್ಗೆ ಬಂದವರೊಬ್ಬರು ಹೀಗಂದು ಎದ್ದು ಹೋದರು. ನಾನು ಕೇಳಿದ್ದು ಒಂದೇ ಮಾತು. "ಕೊಡುವ ಮೊದಲು ನಿಮ್ಮ ಗೂಡು ಒಂದ್ಸಲ ನೋಡಬಹುದಾ?" ಅಷ್ಟಕ್ಕೇ ಅವರಿಗೆ ಅವಮಾನವಾಯಿತಂತೆ.

ಮನೆ ಖಾಲಿ ಮಾಡಲು ಇನ್ನು 11 ದಿನ ಇದೆ. ಮಂಚ, ಕಪಾಟು, ಹೂವಿನ ಕುಂಡ, ಎಲ್ಲಕ್ಕೂ ಒಂದು ದಾರಿಯಾಗಿದೆ. ಹಿತ್ತಲಲ್ಲಿರುವ ಒಂಬತ್ತು ಕೋಳಿಗಳಿಗೆ ಮಾತ್ರ ಜಾಗ ಸಿಕ್ಕಿಲ್ಲ. ಎಂಟು ಹೇಂಟೆ, ಒಂದು ಹುಂಜ. ಆರು ವಾರದಿಂದ ಕಂಡಕಂಡವರನ್ನು ಕೇಳುತ್ತಿದ್ದೇನೆ. ಹೋಗುವ ಮನೆ ಮೂರನೇ ಮಹಡಿಯಲ್ಲಿದೆ, ಮಾಲೀಕರು ಕೋಳಿ ಬೇಡ ಅಂದಿದ್ದಾರೆ. ಅವರು ಒಪ್ಪಿದ್ದರೂ ಅಲ್ಲಿ ಕೆದಕಲು ಮಣ್ಣಿಲ್ಲ. ಕೋಳಿ ಒಣ ಮಣ್ಣಲ್ಲಿ ಹೊರಳಿಯೇ ಮೈಯ ಹೇನು ಕೊಡವಿಕೊಳ್ಳುತ್ತದೆ. ಸಿಮೆಂಟ್ ನೆಲದ ಮೇಲೆ ಅದೇನು ಮಾಡಬೇಕು?

ಬಂದವರೆಲ್ಲ ಮೊದಲು ಕೇಳುವುದು "ದಿನಾ ಮೊಟ್ಟೆ ಇಡುತ್ತಾ?" ಅಂತ. ಒಂದು ಮೊಟ್ಟೆ ಒಳಗೆ ತಯಾರಾಗಿ ಹೊರಬರಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ವರ್ಷವಿಡೀ ದಿನಕ್ಕೊಂದು ಎಲ್ಲಿಂದ ತರುವುದು? ಮೊದಲ ಎರಡು ವರ್ಷ ಚೆನ್ನಾಗಿ ಇಡುತ್ತವೆ. ಆಮೇಲೆ ವರ್ಷ ವರ್ಷವೂ ಕಡಿಮೆಯಾಗುತ್ತದೆ. ನನ್ನ ಕೆಂಚಿಗೂ ಚುಕ್ಕಿಗೂ ಈಗ ಆರು ವರ್ಷ. ಯಾವಾಗಲೋ ಒಂದು ಇಟ್ಟರೆ ಇಟ್ಟವು. ಹಾಗಂತ ಅವು ಬದುಕಬಾರದಾ?

ಇನ್ನೆರಡು ಈಗ ಗರಿ ಉದುರಿಸುತ್ತಿವೆ. ಹೊಸ ಗರಿ ಬರಲು ತಿಂದದ್ದೆಲ್ಲ ಅಲ್ಲಿಗೇ ಹೋಗುತ್ತದೆ, ಅದಕ್ಕೇ ಮೊಟ್ಟೆ ನಿಲ್ಲುತ್ತದೆ. ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಇದನ್ನು ಬಂದವರಿಗೆಲ್ಲ ಬಿಡಿಸಿ ಹೇಳಿದ್ದೇನೆ. ಆದರೂ ಬೋಳು ಕತ್ತು ನೋಡಿದ ಕೂಡಲೇ "ರೋಗದ ಕೋಳಿ ನಮಗೆ ದಾಟಿಸ್ತಿದೀರಾ?" ಅಂತ ನನ್ನನ್ನೇ ಕಳ್ಳಿಯ ಹಾಗೆ ನೋಡುತ್ತಾರೆ. ಹೀಗೆ ಅನುಮಾನಪಟ್ಟ ಒಬ್ಬರು ಮರುಕ್ಷಣವೇ ಏನಂದರು ಗೊತ್ತಾ? "ಪರವಾಗಿಲ್ಲ ಬಿಡಿ, ಇವತ್ತೇ ನಮ್ಮ ಕೋಳಿಗಳ ಜೊತೆ ಬಿಟ್ಟುಬಿಡ್ತೀವಿ." ನಿಜವಾಗಿ ರೋಗದ ಭಯ ಇರುವವರು ಹೊಸ ಕೋಳಿಯನ್ನು ಒಂದು ತಿಂಗಳಾದರೂ ಬೇರೆ ಇಡುತ್ತಾರೆ. ಅವರಿಗೆ ತಮ್ಮ ಕೋಳಿಗಳ ಮೇಲೂ ಕಾಳಜಿ ಇಲ್ಲ. ನನ್ನವನ್ನು ಹೇಗೆ ಕೊಡಲಿ?

ಬರುತ್ತೇನೆ ಅಂದು ಬಾರದವರ ಮೇಲೆ ಇನ್ನೂ ಸಿಟ್ಟು ಇಳಿದಿಲ್ಲ. ಹೋದ ವಾರ ಒಬ್ಬರು ಎಲ್ಲವನ್ನೂ ಒಟ್ಟಿಗೇ ತಗೊಳ್ತೀನಿ, ಬೆಳಗ್ಗೆ ಆರಕ್ಕೆ ಗಾಡಿ ತರ್ತೀನಿ ಅಂದರು. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಹಿಡಿದರೆ ಗಾಬರಿಯಾಗದೆ ಸುಮ್ಮನಿರುತ್ತದೆ. ಅದಕ್ಕೇ ನಸುಕಿನಲ್ಲೇ ಎದ್ದು ಒಂದೊಂದನ್ನೇ ಕೈಯಲ್ಲಿ ಎತ್ತಿ ಪೆಟ್ಟಿಗೆಗೆ ಇಳಿಸಿದೆ. ಆರಾಯಿತು. ಏಳಾಯಿತು. ಫೋನ್ ಎತ್ತಲಿಲ್ಲ. ಎಂಟೂವರೆಗೆ ಬಿಸಿಲು ಪೆಟ್ಟಿಗೆಯ ಮೇಲೆ ಬಂತು, ನೆರಳಿಗೆ ಎಳೆದೆ. ಕೋಳಿಗೆ ಬೆವರು ಬರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಒಂಬತ್ತೂ ಬಾಯಿ ಕಳೆದು ಕೂತಿದ್ದವು. ಒಂಬತ್ತು ಗಂಟೆಗೆ ಬಾಗಿಲು ತೆರೆದು ಎಲ್ಲವನ್ನೂ ಹೊರಗೆ ಬಿಟ್ಟೆ. ಮಧ್ಯಾಹ್ನ ಬಂದ ಉತ್ತರ "ಮರೆತೇಹೋಯ್ತು ರೀ". ಗುಂಪಿಗೆ ಹೊಸದಾಗಿ ಬಂದ ಹೇಂಟೆ ಆ ಗಾಬರಿಗೆ ನಾಲ್ಕು ದಿನ ಮೊಟ್ಟೆ ಇಡಲಿಲ್ಲ. ಬರೋಕಾಗಲ್ಲ ಅಂತ ಹಿಂದಿನ ರಾತ್ರಿ ಒಂದು ಮಾತು ಹೇಳೋಕೆ ಏನು ಕಷ್ಟ?

ಕೆಲವರು "ಚೆನ್ನಾಗಿರೋ ಎರಡು ಕೊಡಿ, ಸಾಕು" ಅನ್ನುತ್ತಾರೆ. ಕೋಳಿಗಳಲ್ಲಿ ಯಾರು ಮೊದಲು ತಿನ್ನಬೇಕು, ಯಾರು ಎಲ್ಲಿ ಕೂರಬೇಕು ಅನ್ನುವುದು ಕುಕ್ಕಾಡಿಕೊಂಡೇ ತೀರ್ಮಾನವಾಗಿರುತ್ತದೆ. ನಡುವಿನಿಂದ ಒಬ್ಬಳನ್ನು ತೆಗೆದರೂ ಜಗಳ ಮೊದಲಿಂದ ಶುರು. ಬೇರೆ ಗುಂಪಿಗೆ ಒಬ್ಬಳನ್ನೇ ಬಿಟ್ಟರೆ ಅವಳು ರಕ್ತ ಬರುವ ತನಕ ಕುಕ್ಕಿಸಿಕೊಳ್ಳುತ್ತಾಳೆ. ಇಷ್ಟು ಗೊತ್ತಿದ್ದೂ ಒಮ್ಮೆ ಸೋತೆ. ದಿನ ಹತ್ತಿರ ಬರುತ್ತಿತ್ತು, ಮನಸ್ಸು ಗಟ್ಟಿ ಮಾಡಿಕೊಂಡು ಎರಡನ್ನು ಕೊಟ್ಟೆ. ಆಗ ಒಟ್ಟು ಹನ್ನೊಂದಿದ್ದವು.

ತಗೊಂಡವರು ಮಕ್ಕಳನ್ನೂ ಕರೆತಂದಿದ್ದರು. "ನಮ್ಮ ಪಾಪುಗೆ ಕೋಳಿ ಅಂದ್ರೆ ಪ್ರಾಣ. ಮನೆಯವರ ಥರ ನೋಡ್ಕೊಳ್ತೀವಿ ಅಕ್ಕಾ" ಅಂದರು. ಅವು ತಿನ್ನುವ ಕಾಳು, ಚಿಪ್ಪಿನ ಪುಡಿ ಎಲ್ಲ ಕಟ್ಟಿಕೊಟ್ಟೆ. ಹೊಸ ಗೂಡಲ್ಲಿ ಒಂದು ವಾರ ಹೊರಗೆ ಬಿಡಬೇಡಿ, ಆಮೇಲೆ ತಾವೇ ಸಂಜೆಗೆ ಹಿಂದಿರುಗುತ್ತವೆ ಅಂತ ಚೀಟಿ ಬರೆದುಕೊಟ್ಟೆ. ನಾಲ್ಕನೇ ದಿನ ಹೇಗಿವೆ ಅಂತ ಕೇಳಿದೆ. "ಅಯ್ಯೋ, ಭಾನುವಾರ ನೆಂಟರು ಬಂದಿದ್ರಲ್ಲ" ಅಂದು ನಕ್ಕರು.

ತಿನ್ನುವವರ ಮೇಲೆ ನನಗೆ ಕೋಪವಿಲ್ಲ. ತಿನ್ನೋಕೆ ಬೇಕು ಅಂತ ಬಾಯಿಬಿಟ್ಟು ಕೇಳಿದವರೂ ಇದ್ದಾರೆ. ಬೇಡ ಅಂದೆ, ಅವರು ಹೋದರು, ಮುಗಿಯಿತು. ಇವರು ಮಗುವನ್ನು ಮುಂದೆ ನಿಲ್ಲಿಸಿಕೊಂಡು ಸುಳ್ಳು ಹೇಳಿದರು. ನನ್ನ ಕೈಯಿಂದಲೇ ಕಾಳಿನ ಚೀಲ ಇಸಿದುಕೊಂಡು ಹೋದರು. ಅಂದಿನಿಂದ ಗೂಡು ನೋಡದೆ ಕೊಡುವುದಿಲ್ಲ ಅಂತ ನಿಶ್ಚಯಿಸಿದ್ದೇನೆ. ಅದು ಅನುಮಾನ ಅನ್ನಿಸಿದರೆ ಅನ್ನಿಸಲಿ.

ಪಕ್ಕದ ಮನೆಯವರ ಬಗ್ಗೆ ಹೇಳದೇ ಇರಲಾರೆ. ಐದು ವರ್ಷ ನಮ್ಮ ಮೊಟ್ಟೆ ತಿಂದರು. ಹಿತ್ತಲು ದೊಡ್ಡದಿದೆ. ಮೂರು ತಿಂಗಳು ಇಟ್ಟುಕೊಳ್ಳಿ, ಕಾಳಿನ ಖರ್ಚು ನನ್ನದು, ಅಷ್ಟರಲ್ಲಿ ಏನಾದರೂ ಮಾಡುತ್ತೇನೆ ಅಂದೆ. "ಗಲೀಜು, ವಾಸನೆ" ಅಂದರು. ಇಷ್ಟು ವರ್ಷ ಆ ವಾಸನೆ ಅವರಿಗೆ ಬಂದಿರಲಿಲ್ಲ.

ಹುಂಜನನ್ನಂತೂ ಯಾರೂ ಕೇಳುವುದಿಲ್ಲ. ಕೂಗುತ್ತಾನಂತೆ. ಹುಳು ಸಿಕ್ಕರೆ ತಾನು ತಿನ್ನದೆ ಹೇಂಟೆಗಳನ್ನು ಕರೆಯುವವನು ಅವನು. ಮೇಲೆ ಹದ್ದಿನ ನೆರಳು ಬಿದ್ದರೆ ಕಿರುಚಿ ಎಲ್ಲರನ್ನೂ ಗಿಡದ ಕೆಳಗೆ ಓಡಿಸುವವನೂ ಅವನೇ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಇದ್ದರೆ ಗುಂಪು ಹದವಾಗಿರುತ್ತದೆ. ಅವನನ್ನು ಬಿಟ್ಟು ಉಳಿದವನ್ನು ಕೊಡಿ ಅನ್ನುವವರಿಗೆ ಏನು ಹೇಳಲಿ?

ಈಗ ಸಂಜೆ. ಎಲ್ಲವೂ ಗೂಡು ಸೇರಿ ಕೋಲಿನ ಮೇಲೆ ಕೂತಿವೆ. ಗೋಡೆ ಪಕ್ಕ ಕೆಂಚಿ, ಅವಳಿಗೆ ಒತ್ತಿಕೊಂಡು ಚುಕ್ಕಿ. ಎರಡು ಸಲ ಎಣಿಸಿದೆ. ನಾಳೆ ಇನ್ನೊಬ್ಬರು ಬರುತ್ತೇನೆ ಅಂದಿದ್ದಾರೆ. ಒಂಬತ್ತೂ ಬೇಕಂತೆ, ಹುಂಜನೂ ಸೇರಿ. "ನೀವು ಬರೋದು ಬೇಡ, ನಾನೇ ಬಂದು ನಿಮ್ಮ ಗೂಡು ನೋಡ್ತೀನಿ" ಅಂತ ಸಂದೇಶ ಕಳಿಸಿದ್ದೇನೆ. ಓದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.