ಒಂದೇ ಹೆಸರು, ಎರಡು ವಿಷಯ: ಹರಿದಾಡುತ್ತಿರುವ ಸ್ಕ್ರೀನ್‌ಶಾಟ್ ಬಗ್ಗೆ ಸ್ಪಷ್ಟನೆ

ಸಂಶೋಧಕರ ಪ್ರಬಂಧಗಳ ಪಟ್ಟಿ ತೋರಿಸುವ ಗೂಗಲ್ ಸ್ಕಾಲರ್ ತಾಣದಲ್ಲಿನ ಒಬ್ಬ ಸಂಶೋಧಕರ ಪುಟದ ಸ್ಕ್ರೀನ್‌ಶಾಟ್ ಗ್ರೂಪುಗಳಲ್ಲಿ ಓಡಾಡುತ್ತಿದೆ. "ಹಂದಿಗಳ ಆಹಾರದ ಮೇಲೂ ಪ್ರಬಂಧ, ಖಿನ್ನತೆಯ ಮೇಲೂ ಪ್ರಬಂಧ. ಎಲ್ಲಾ ನಕಲಿ" ಅಂತ ಜೊತೆಗೆ ಬರೆದಿದ್ದಾರೆ. ಈ ತೀರ್ಮಾನ ತಪ್ಪು. ಆ ಪಟ್ಟಿಯೊಂದನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ.

ಗೂಗಲ್ ಸ್ಕಾಲರ್‌ನಲ್ಲಿ ಪ್ರಬಂಧಗಳು ತಾವಾಗಿಯೇ ಸೇರಿಕೊಳ್ಳುವ ಏರ್ಪಾಡಿದೆ. ಅದನ್ನು ಆನ್ ಮಾಡಿಟ್ಟರೆ ಅದೇ ಹೆಸರಿನ ಬೇರೆಯವರ ಪ್ರಬಂಧವೂ ಬಂದು ಕೂರಬಹುದು. ಪುಟದವರು ತೆಗೆದುಹಾಕುವ ತನಕ, ಬೇರೆ ಪ್ರಬಂಧಗಳು ಅದನ್ನು ಉಲ್ಲೇಖಿಸಿದ ಲೆಕ್ಕ, ಅಂದರೆ ಅದರ ಸೈಟೇಶನ್‌ಗಳೂ ಒಟ್ಟು ಲೆಕ್ಕಕ್ಕೆ ಸೇರುತ್ತವೆ, ಪ್ರಬಂಧಗಳ ಸಂಖ್ಯೆ, ಉಲ್ಲೇಖಗಳ ಸಂಖ್ಯೆ ಎರಡನ್ನೂ ನೋಡಿ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ಎಂಬ ಅಂಕ ಕೂಡ ಏರಬಹುದು. ಹೆಸರಿನ ಈ ಗೊಂದಲ ಬೇಡವೆಂದೇ 2012ರಲ್ಲಿ ಸಂಶೋಧಕರಿಗೆ ಆರ್ಕಿಡ್ (ORCID) ಎಂಬ 16 ಸ್ಥಾನಗಳ ಗುರುತಿನ ಸಂಖ್ಯೆ ಶುರುವಾಯಿತು.

ಅಷ್ಟೇ ಅಲ್ಲ, ಎರಡೂ ವಿಷಯದಲ್ಲಿ ಒಬ್ಬರೇ ಬರೆದಿದ್ದರೂ ಅದರಲ್ಲಿ ವಿಚಿತ್ರ ಏನಿಲ್ಲ. ಟ್ರಿಪ್ಟೊಫಾನ್ ಅನ್ನೋ ಅಮೈನೋ ಆಮ್ಲವನ್ನೇ ತಗೊಳ್ಳಿ. ಹಂದಿಗಳ ಆಹಾರದಲ್ಲಿ ಅದು ಎಷ್ಟಿರಬೇಕು ಅಂತ ಪೋಷಣೆ ತಜ್ಞರು ಲೆಕ್ಕ ಹಾಕುತ್ತಾರೆ. ಮಿದುಳಿನಲ್ಲಿ ಮನಸ್ಥಿತಿಯ ಜೊತೆ ನಂಟಿರುವ ಸೆರೊಟೋನಿನ್ ಎಂಬ ರಾಸಾಯನಿಕ ತಯಾರಾಗುವುದೂ ಅದರಿಂದಲೇ. ಹಾಗಾಗಿ ಖಿನ್ನತೆಯ ಅಧ್ಯಯನಗಳಲ್ಲೂ ಅದು ಬರುತ್ತದೆ. ಎರಡೂ ಕಡೆ ಕೆಲಸ ಮಾಡುವವರು ಇರಬಹುದು, ಅಲ್ವಾ?

ಅನುಮಾನ ಇದ್ದರೆ ಒಂದೊಂದೇ ಪ್ರಬಂಧ ತೆರೆದು ನೋಡಿ. ಲೇಖಕರ ಸಂಸ್ಥೆ, ಸಹಲೇಖಕರು, ಆರ್ಕಿಡ್ ಸಂಖ್ಯೆ ತಾಳೆಯಾಗುತ್ತವೆಯೇ ಗಮನಿಸಿ. ಒಬ್ಬರ ವರ್ಷಗಳ ದುಡಿಮೆಯ ಹೆಸರು ಇದು. ದಯವಿಟ್ಟು ಆ ಸ್ಕ್ರೀನ್‌ಶಾಟನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.