ಏಳು ರಾತ್ರಿಯ ಕಡಲು, ಏಳು ಲಕ್ಷದ ಲೆಕ್ಕ

ಪ್ರಶ್ನೆ: ಮಂಗಳೂರು-ಉಡುಪಿ ಕಡೆಯ ದಂಪತಿ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಐಷಾರಾಮಿ ಹಡಗಿನಲ್ಲಿ ಅಟ್ಲಾಂಟಿಕ್ ದಾಟುವುದು ಕೊಟ್ಟ ಹಣಕ್ಕೆ ತಕ್ಕದ್ದೇ?

ಪರ: ಕ್ಯಾಬಿನ್ನಿಗೆ ಕಡಿಮೆ ಕೊಡಿ, ಕಡಲಿಗೆ ಕೊಡಿ

ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವುದನ್ನು ಇಲ್ಲಿನವರೆಲ್ಲ ನೋಡಿದ್ದಾರೆ. ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಮತ್ತೆ ಹಡಗು ಹತ್ತಬೇಕು. ಆ ಏಳೆಂಟು ತಾಸಿನಲ್ಲಿ ಕದ್ರಿ, ಕುದ್ರೋಳಿ, ಗೋಡಂಬಿ ಕಾರ್ಖಾನೆ, ಸಮಯ ಉಳಿದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳಿಗೆ ಅರ್ಧ ಗಂಟೆ ಸಿಕ್ಕರೆ ಅದೇ ಹೆಚ್ಚು. ದಿನಕ್ಕೊಂದು ಬಂದರು ಎಂದು ಮಾರುವ ಪ್ರವಾಸದ ಹಣೆಬರಹ ಇಷ್ಟೇ. ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಡಿ ಎಂದು ಯಾರಾದರೂ ಹೇಳಿದರೆ ನನ್ನ ತಕರಾರಿಲ್ಲ.

ಸಾಗರ ದಾಟುವ ಹಡಗಿನ ಮಾತು ಬೇರೆ. ನಡುವೆ ಬಂದರಿಲ್ಲ, ಬಸ್ಸಿಲ್ಲ, ಬಾವುಟ ಹಿಡಿದು ಓಡಿಸುವ ಗೈಡೂ ಇಲ್ಲ. ಈ ಕೆಲಸಕ್ಕೆಂದೇ ಕಟ್ಟಿ ಇಂದಿಗೂ ನಿಯಮಿತವಾಗಿ ಓಡುತ್ತಿರುವ ಹಡಗು ಒಂದೇ ಒಂದು: ಕ್ಯುನಾರ್ಡ್ ಕಂಪನಿಯ ಕ್ವೀನ್ ಮೇರಿ 2. ಸೇವೆಗೆ ಇಳಿದದ್ದು 2004ರಲ್ಲಿ, ಉದ್ದ 345 ಮೀಟರ್. ಮುಂಭಾಗ ಉದ್ದವಾಗಿ ಚೂಪಾಗಿದೆ, ಒಡಲಿನ ಉಕ್ಕು ಮಾಮೂಲಿ ಪ್ರವಾಸಿ ಹಡಗಿನದಕ್ಕಿಂತ ದಪ್ಪ, ನೀರಿನೊಳಗೆ ಹತ್ತು ಮೀಟರಿಗೂ ಆಳಕ್ಕೆ ಕೂರುತ್ತದೆ. ಜೀವರಕ್ಷಕ ದೋಣಿಗಳನ್ನೂ ಉತ್ತರ ಅಟ್ಲಾಂಟಿಕ್‌ನ ಅಲೆ ತಾಗದಷ್ಟು ಎತ್ತರಕ್ಕೆ ಕಟ್ಟಿದ್ದಾರೆ. 30 ನಾಟ್‌ನ (ನಾಟ್ ಎಂದರೆ ಹಡಗಿನ ವೇಗದ ಅಳತೆ) ಹತ್ತಿರ ಓಡುವ ಶಕ್ತಿಯಿದ್ದರೂ ಏಳು ರಾತ್ರಿಯ ವೇಳಾಪಟ್ಟಿಗೆ 20ರ ಆಸುಪಾಸು ಸಾಕು. ಮಿಕ್ಕ ಶಕ್ತಿ ಬಿರುಗಾಳಿಯನ್ನು ಬಳಸಿಕೊಂಡು ಹೋಗುವುದಕ್ಕೆ, ಹಾಗೆ ಬಳಸಿದಾಗ ಆದ ತಡವನ್ನು ತುಂಬಿಕೊಳ್ಳುವುದಕ್ಕೆ. ನೀವು ದುಡ್ಡು ಕೊಡುವುದು ಇದಕ್ಕೆ. ದಿಂಬಿನ ಮೇಲಿಡುವ ಚಾಕಲೇಟಿಗಲ್ಲ.

ಹೀಗೆಂದು ಒಪ್ಪಿದರೆ ಟಿಕೆಟ್ ಕೊಳ್ಳುವ ಕ್ರಮವೇ ಬದಲಾಗುತ್ತದೆ. ಮೊದಲನೆಯದಾಗಿ, ಬಾಲ್ಕನಿ ಬೇಡ. ಹಡಗು 20 ನಾಟ್‌ನಲ್ಲಿ ಹೋಗುವಾಗ ಅದರದ್ದೇ ಗಾಳಿ ಗಂಟೆಗೆ 37 ಕಿ.ಮೀ.; ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿಯೂ ಸೇರಿಕೊಳ್ಳುತ್ತದೆ. ಕುರ್ಚಿ ಹಾಕಿ ಕಾಫಿ ಕುಡಿಯುವ ಚಿತ್ರ ಜಾಹೀರಾತಿನಲ್ಲಿ ಮಾತ್ರ ಚೆಂದ. ಕೆಳಗಿನ ಡೆಕ್‌ಗಳ (ಅಂತಸ್ತುಗಳ) ಬಾಲ್ಕನಿಗಳು ಹಡಗಿನ ಒಡಲಿನಲ್ಲೇ ಕೊರೆದ ಕಿಂಡಿಗಳು. ನಿಂತರೆ ಕಡಲು, ಕೂತರೆ ಎದುರಿಗೆ ಉಕ್ಕಿನ ಗೋಡೆ. 8ನೇ ಡೆಕ್ಕಿನವಕ್ಕೆ ಹಲವೆಡೆ ಜೀವರಕ್ಷಕ ದೋಣಿಗಳೇ ಅಡ್ಡ. ಒಳಗಿನ, ಕಿಟಕಿಯಿಲ್ಲದ ಕ್ಯಾಬಿನ್ ಸುಮಾರು 160 ಚದರ ಅಡಿ. ಮಲಗಲು, ಮೀಯಲು, ಬಟ್ಟೆ ಬದಲಿಸಲು ಧಾರಾಳ ಸಾಕು.

ಎರಡನೆಯದಾಗಿ, ಜಾಗ ಯಾವುದು ಎಂದು ಡೆಕ್ ನಕ್ಷೆ ನೋಡಿಯೇ ಹೇಳಬೇಕು. ಹಡಗಿನ ಬದಿಗಳಲ್ಲಿ ನೀರಿನೊಳಗೆ ಚಾಚುವ ಸ್ಟೆಬಿಲೈಸರ್ ರೆಕ್ಕೆಗಳು ಅಡ್ಡ ಹೊಯ್ದಾಟವನ್ನು ತಗ್ಗಿಸುತ್ತವೆ. ಮುಂಭಾಗ ಏರಿ ಇಳಿಯುವುದನ್ನು ಅವು ತಡೆಯಲಾರವು. ಆದ್ದರಿಂದ ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಡೆಕ್. ಮೇಲೂ ಕೆಳಗೂ ಬೇರೆ ಕ್ಯಾಬಿನ್‌ಗಳೇ ಇರುವ ಕಡೆ ಆರಿಸಿದರೆ ನೆತ್ತಿಯ ಮೇಲೆ ಅಡುಗೆಮನೆಯ ಗಾಡಿ ಉರುಳುವ, ಕಾಲಡಿಯಲ್ಲಿ ಬ್ಯಾಂಡ್ ಬಾರಿಸುವ ಕಾಟ ಇರುವುದಿಲ್ಲ. ‘ಗ್ಯಾರಂಟಿ’ ದರ ಎಂದು ಅಗ್ಗಕ್ಕೆ ಕೊಟ್ಟರೆ ಕ್ಯಾಬಿನ್ ಸಂಖ್ಯೆ ಕಂಪನಿಯ ಇಷ್ಟ. ನಿದ್ದೆ ಹಗುರವಾಗಿರುವವರು ಆ ಉಳಿತಾಯದ ಆಸೆ ಬಿಡಬೇಕು.

ಒಳಗಿನ ಕ್ಯಾಬಿನ್ನಿಗೆ ತಲಾ ಒಂದರಿಂದ ಒಂದೂವರೆ ಲಕ್ಷ ರೂಪಾಯಿಯ ಅಂದಾಜು ಇಟ್ಟುಕೊಳ್ಳಿ. ರಾತ್ರಿಗೆ ಹದಿನೈದರಿಂದ ಇಪ್ಪತ್ತು ಸಾವಿರವಾಯಿತು. ಮೂರು ಹೊತ್ತಿನ ಊಟ, ನಾಟಕ, ಉಪನ್ಯಾಸ, ಸೌತಾಂಪ್ಟನ್–ನ್ಯೂಯಾರ್ಕ್ ಪ್ರಯಾಣ ಎಲ್ಲ ಅದರಲ್ಲೇ. ಲಂಡನ್ನಿನ ಸಾಧಾರಣ ಹೋಟೆಲಿನಲ್ಲಿ ಆ ದುಡ್ಡಿಗೆ ಹಾಸಿಗೆ ಸಿಕ್ಕೀತು, ಮಧ್ಯಾಹ್ನದ ಊಟ ಸಿಗದು. ‘ಗ್ರಿಲ್’ ಎಂಬ ಮೇಲ್ದರ್ಜೆಗೆ ಇದರ ಹಲವು ಪಟ್ಟು. ಅದರಲ್ಲಿ ಹೆಚ್ಚುವರಿ ಸಿಗುವುದು ದೊಡ್ಡ ಕೋಣೆ, ಬೇರೆ ಊಟದ ಮನೆ, ಬೇರೆ ಲೌಂಜ್. ಗ್ರಂಥಾಲಯ, ಪ್ಲಾನೆಟೇರಿಯಂ, ರಂಗಮಂದಿರ, ಹಡಗನ್ನು ಪೂರ್ತಿ ಸುತ್ತುವ 7ನೇ ಡೆಕ್ಕಿನ ನಡಿಗೆಹಾದಿ ಎಲ್ಲರಿಗೂ ಒಂದೇ. ಆ ಹಾದಿ ಒಂದು ಸುತ್ತಿಗೆ ಸುಮಾರು 600 ಮೀಟರ್. ಬೆಳಗಿನ ವಾಕಿಂಗ್ ತಪ್ಪಿಸದವರಿಗೆ ಮಣ್ಣಗುಡ್ಡೆಯಾದರೇನು, ಅಟ್ಲಾಂಟಿಕ್ ಆದರೇನು!

ದಿಕ್ಕಿನ ವಿಚಾರ ಬಹಳ ಮಂದಿ ಕೇಳುವುದೇ ಇಲ್ಲ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್ ಕಡೆಗೇ ಹೋಗಿ. ಐದು ತಾಸಿನ ಸಮಯ ವ್ಯತ್ಯಾಸವನ್ನು ದಿನಕ್ಕೊಂದು ತಾಸಿನಂತೆ ಹಿಂದಕ್ಕೆ ತಿರುಗಿಸುತ್ತಾರೆ. ಐದು ದಿನ 25 ತಾಸಿನವು, ಇಳಿಯುವ ಹೊತ್ತಿಗೆ ಮೈ ನ್ಯೂಯಾರ್ಕ್ ಗಡಿಯಾರಕ್ಕೆ ಹೊಂದಿಕೊಂಡಿರುತ್ತದೆ. ಎದುರು ದಿಕ್ಕಿನಲ್ಲಿ ಬಂದರೆ ಅದೇ ಐದು ದಿನ 23 ತಾಸಿಗೆ ಇಳಿಯುತ್ತವೆ, ಈ ದಿಕ್ಕಿಗೆ ಹೋಲಿಸಿದರೆ ಕೊಟ್ಟ ದುಡ್ಡಿನ ಹತ್ತು ತಾಸು ಹೋಯಿತೆಂದೇ ಲೆಕ್ಕ.

ಊಟದ ಹೆದರಿಕೆ ಅನಗತ್ಯ. ಸಸ್ಯಾಹಾರವೆಂದು ಬುಕಿಂಗ್ ಮಾಡುವಾಗಲೇ ಬರೆಸಬೇಕು, ಮೊದಲ ರಾತ್ರಿ ಊಟದ ಮನೆಯ ಮುಖ್ಯಸ್ಥರಿಗೆ ಮತ್ತೊಮ್ಮೆ ಹೇಳಬೇಕು. ಮೊಟ್ಟೆ, ಮೀನಿನ ಸಾಸ್ ಬೇಡವೆಂಬುದನ್ನು ಬಿಡಿಸಿ ಹೇಳದಿದ್ದರೆ ಅವರ ‘ವೆಜಿಟೇರಿಯನ್’ ನಮ್ಮ ಸಸ್ಯಾಹಾರ ಆಗದು. ದಾಲ್, ಪಲ್ಯ, ಅನ್ನ ಬೇಕಿದ್ದರೆ ಹಿಂದಿನ ದಿನವೇ ಕೇಳಿಟ್ಟರೆ ಮಾಡಿಕೊಡುತ್ತಾರೆ. ಎಲ್ಲರೂ ಸಿಂಗರಿಸಿಕೊಂಡು ಬರುವ ಗಾಲಾ ರಾತ್ರಿಗಳಿಗೆ ಸೂಟು ಹೊಲಿಸುವ ಗಡಿಬಿಡಿಯೂ ಬೇಡ, ರೇಷ್ಮೆ ಸೀರೆ ಮತ್ತು ಬಂದ್‌ಗಲಾ ನಡೆಯುತ್ತದೆ.

ವಿರೋಧ: ಹಡಗಿನ ಟಿಕೆಟ್ ಮೂರನೇ ಒಂದು ಪಾಲು ಮಾತ್ರ

ಪರ ಬರೆದವರು ಹಡಗು ಬಲ್ಲವರು. ಸ್ಟೆಬಿಲೈಸರ್ ಬಗ್ಗೆಯಾಗಲಿ ಬಾಲ್ಕನಿ ಬಗ್ಗೆಯಾಗಲಿ ಒಂದಕ್ಷರ ತಿದ್ದುವಂತಿಲ್ಲ. ಆದರೆ ಅವರ ಲೆಕ್ಕ ಸೌತಾಂಪ್ಟನ್ನಿನ ಧಕ್ಕೆಯಲ್ಲಿ ಶುರುವಾಗುತ್ತದೆ. ನಮ್ಮದು ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಶುರುವಾಗಬೇಕು.

ಇಬ್ಬರ ಖರ್ಚು ಬರೆಯೋಣ. ಹಡಗಿನ ಟಿಕೆಟ್, ನಡುವಿನ ದರ ಹಿಡಿದರೆ 2.4 ಲಕ್ಷ. ಮಂಗಳೂರು–ಬೆಂಗಳೂರು–ಲಂಡನ್ ಹೋಗುವ, ನ್ಯೂಯಾರ್ಕ್‌ನಿಂದ ಹಿಂದೆ ಬರುವ ವಿಮಾನ 2.3 ಲಕ್ಷದ ಹತ್ತಿರ. ಹೋಗುವುದೊಂದು ಊರಿಗೆ, ಮರಳುವುದು ಇನ್ನೊಂದರಿಂದ. ಎರಡು ಬಿಡಿ ಟಿಕೆಟ್ ಬದಲು ‘ಮಲ್ಟಿ-ಸಿಟಿ’ ಎಂದು ಒಟ್ಟಿಗೆ ಮಾಡದಿದ್ದರೆ ಇದೂ ಮೀರುತ್ತದೆ. ಅಮೆರಿಕದ ವೀಸಾ ಅರ್ಜಿಗೆ ತಲಾ 185 ಡಾಲರ್, ಬ್ರಿಟನ್ನಿನದಕ್ಕೂ ಹೆಚ್ಚುಕಡಿಮೆ ಅಷ್ಟೇ, ಇಬ್ಬರಿಗೆ 60 ಸಾವಿರ ದಾಟಿತು. ಬೆರಳಚ್ಚು, ಸಂದರ್ಶನಕ್ಕೆ ಬೆಂಗಳೂರು, ಚೆನ್ನೈ ಓಡಾಟ 25 ಸಾವಿರ. ಹಡಗು ಹೊರಡುವ ಹಿಂದಿನ ರಾತ್ರಿ ಇಂಗ್ಲೆಂಡಿನಲ್ಲಿ ತಂಗಲೇಬೇಕು, ಏಕೆಂದರೆ ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ, ಮುಂದಿನ ಬಂದರಿನಲ್ಲಿ ಹತ್ತಿಕೊಳ್ಳೋಣವೆಂದರೆ ನಡುವೆ ಬಂದರೇ ಇಲ್ಲ. ನ್ಯೂಯಾರ್ಕ್‌ನಲ್ಲಿ ಮೂರು ರಾತ್ರಿಯೂ ಸೇರಿ ಹೋಟೆಲಿಗೆ 90 ಸಾವಿರ. ಹಡಗಿನಲ್ಲಿ ದಿನಕ್ಕೆ ತಲಾ 16 ಡಾಲರ್‌ನಷ್ಟು ಸೇವಾಶುಲ್ಕ ತಾನಾಗಿ ಬಿಲ್ಲಿಗೆ ಬೀಳುತ್ತದೆ, ಅದು 20 ಸಾವಿರ. ವಿಮೆಗೆ ಹತ್ತು ಸಾವಿರ. ಇಂಟರ್ನೆಟ್, ಪಾನೀಯ, ಚಿಲ್ಲರೆ ಖರ್ಚಿಗೆ 30 ಸಾವಿರ. ಕೂಡಿಸಿ ನೋಡಿ: ಏಳು ಲಕ್ಷ.

ಇಲ್ಲಿನ ಏಜೆಂಟರ ಮೂಲಕ ವಿದೇಶ ಪ್ಯಾಕೇಜ್ ಎಂದು ಕೊಂಡರೆ ಇದರ ಮೇಲೆ ಟಿಸಿಎಸ್ (ಹಣ ಕಟ್ಟುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸಿದಾಗ ಅದು ಹೊಂದಾಣಿಕೆ ಆಗುತ್ತದೆ, ನಷ್ಟವೇನಿಲ್ಲ, ಆದರೆ ಅಲ್ಲಿಯವರೆಗೆ ಕೈಯಲ್ಲಿ ಇಲ್ಲದ ಹಣ. ಒಬ್ಬರೇ ಹೋಗುವವರ ಗತಿ ಇನ್ನೂ ಕಷ್ಟ: ಇಬ್ಬರ ಕ್ಯಾಬಿನ್ನಿಗೆ ಒಬ್ಬರು ಮುಕ್ಕಾಲು ಪಾಲಿನಿಂದ ಪೂರ್ತಿ ಇನ್ನೊಬ್ಬರಷ್ಟು ಹೆಚ್ಚುವರಿ ತೆರಬೇಕು. 2016ರ ನವೀಕರಣದಲ್ಲಿ ಒಂಟಿ ಪ್ರಯಾಣಿಕರಿಗೆಂದು ಕ್ಯಾಬಿನ್ ಸೇರಿಸಿದ್ದಾರೆ ನಿಜ, ಅವು ಬರೀ ಹದಿನೈದು.

ಹಣಕ್ಕಿಂತ ದೊಡ್ಡ ಗಂಡಾಂತರ ದಿನಾಂಕದ್ದು. ಹಡಗಿನ ಪೂರ್ತಿ ಹಣವನ್ನು ಸಾಮಾನ್ಯವಾಗಿ ಮೂರು ತಿಂಗಳು ಮೊದಲೇ ಕಟ್ಟಬೇಕು. ಅನಂತರ ರದ್ದು ಮಾಡಿದರೆ ಕಡಿತ ಹೆಚ್ಚುತ್ತ ಹೋಗಿ ಕೊನೆಗೆ ಏನೂ ಉಳಿಯುವುದಿಲ್ಲ. ಅಮೆರಿಕದ ವೀಸಾ ಸಂದರ್ಶನದ ಸರದಿ ಮಾತ್ರ ತಿಂಗಳುಗಟ್ಟಲೆ ಮುಂದಕ್ಕೆ ಹೋಗುವುದುಂಟು. ವೀಸಾ ಸಿಗದಿದ್ದರೆ ಹಡಗಿನ ಕಂಪನಿ ಹಣ ಹಿಂದಿರುಗಿಸದು, ಹೆಚ್ಚಿನ ವಿಮೆಗಳೂ ಅದನ್ನು ಭರಿಸವು. ಹಾಗಾಗಿ ಸರಿಯಾದ ಕ್ರಮ ಒಂದೇ: ಮೊದಲು ಅಮೆರಿಕದ ವೀಸಾ, ಅದು ಕೈಗೆ ಬಂದ ಮೇಲೆ ಹಡಗು, ಕೊನೆಗೆ ಬ್ರಿಟನ್ ವೀಸಾ ಮತ್ತು ವಿಮಾನ. ಇದನ್ನು ತಿರುಗಾಮುರುಗಾ ಮಾಡಿ ಮುಂಗಡ ಕಳೆದುಕೊಂಡವರ ಕಥೆ ಟ್ರಾವೆಲ್ ಆಫೀಸುಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಮಕ್ಕಳು ಅಮೆರಿಕದಲ್ಲಿದ್ದು, ಹತ್ತು ವರ್ಷದ ವೀಸಾ ಮೊದಲೇ ಪಾಸ್‌ಪೋರ್ಟಿನಲ್ಲಿ ಇರುವ ಅಪ್ಪ-ಅಮ್ಮಂದಿರಿಗೆ ಈ ತೊಡಕಿಲ್ಲ. ನಮ್ಮ ಕಡೆ ಅಂಥವರು ಕಡಿಮೆಯೇನಲ್ಲ, ಅವರ ಮಟ್ಟಿಗೆ ನನ್ನ ವಿರೋಧ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಕಡಲು. ‘ಕಡಲಿಗೆ ಕೊಡಿ’ ಎಂದಿದ್ದಾರೆ. ಯಾವ ಕಡಲು ಮಾರಾಯ್ರೆ? ಟಿಕೆಟ್ ಅಗ್ಗವಾಗುವುದು ಚಳಿಗಾಲದ ಆಚೀಚೆ, ಉತ್ತರ ಅಟ್ಲಾಂಟಿಕ್ ಕೆರಳಿರುವುದೂ ಆಗಲೇ. ಅಂಥ ದಿನಗಳಲ್ಲಿ ಹೊರಗಿನ ಡೆಕ್ಕಿನ ಬಾಗಿಲುಗಳಿಗೆ ಹಗ್ಗ ಕಟ್ಟಿ ಮುಚ್ಚುತ್ತಾರೆ, ಆ 600 ಮೀಟರ್ ಹಾದಿಯೂ ಬಂದ್. ಬೇಸಿಗೆಯಲ್ಲಿ ಹೋದರೆ ಮಂಜು. ನ್ಯೂಫೌಂಡ್‌ಲ್ಯಾಂಡಿನ ಹತ್ತಿರ ಗ್ರ್ಯಾಂಡ್ ಬ್ಯಾಂಕ್ಸ್ ಎಂಬಲ್ಲಿ ಲ್ಯಾಬ್ರಡಾರ್‌ನ ತಣ್ಣನೆಯ ಪ್ರವಾಹವೂ ಗಲ್ಫ್ ಸ್ಟ್ರೀಮಿನ ಬಿಸಿ ನೀರೂ ಕೂಡುತ್ತವೆ. ಬಿಸಿ ನೀರಿನ ಮೇಲಿಂದ ಬಂದ ತೇವದ ಗಾಳಿ ತಣ್ಣನೆಯ ನೀರಿನ ಮೇಲೆ ಮಂಜಾಗಿ ನಿಲ್ಲುತ್ತದೆ, ಮೇ ತಿಂಗಳಿನಿಂದ ಜುಲೈವರೆಗೆ ಇದು ಜೋರು. ಅದರೊಳಗೆ ಸಾಗುವ ಹಡಗು ಎರಡು ನಿಮಿಷಕ್ಕೆ ಒಮ್ಮೆಯಾದರೂ ಸೀಟಿ ಊದಲೇಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಕ್ವೀನ್ ಮೇರಿ 2ರ ಸೀಟಿಗಳಲ್ಲಿ ಒಂದು 1936ರ ಹಳೆಯ ಕ್ವೀನ್ ಮೇರಿಯದ್ದು, ಹತ್ತು ಮೈಲಿಗೆ ಕೇಳುತ್ತದಂತೆ. ಇತಿಹಾಸಪ್ರಿಯರಿಗೆ ಖುಷಿಯೇ. ಮಧ್ಯಾಹ್ನದ ನಿದ್ದೆಗೆ ಅದು ಏನು ಮಾಡುತ್ತದೆಂದು ಯೋಚಿಸಿ. ಮಲ್ಪೆಯಲ್ಲೋ ಸಸಿಹಿತ್ಲಿನಲ್ಲೋ ಬೆಳೆದವರಿಗೆ ನೀರು ಹೊಸತಲ್ಲ; ನೀರೂ ಕಾಣದ ಬೂದು ಬಣ್ಣವನ್ನು ನೋಡಲು ಅಷ್ಟು ದೂರ ಹೋಗಬೇಕೇ?

ಹೊಟ್ಟೆ ತೊಳಸುವವರು ಎಚ್ಚರ. ಶಿರಾಡಿ ಘಾಟಿಗೆ ಅವೊಮಿನ್ ನುಂಗುವವರು ಅದು ಇಲ್ಲೂ ನಡೆಯುತ್ತದೆಂದು ತಿಳಿಯುತ್ತಾರೆ. ಘಾಟಿ ಒಂದು ತಾಸಿನದು, ಇದು ಒಂದು ವಾರ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲೇ ನಿಲ್ಲದು, ಮೊದಲೇ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡರೆ ತೂಕಡಿಕೆ, ಬಾಯಿ ಒಣಗುವುದು. ಬಿಪಿ, ಪ್ರಾಸ್ಟೇಟ್, ಗ್ಲಾಕೋಮ ಇರುವ ಹಿರಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹಡಗಿನಲ್ಲಿ ವೈದ್ಯರಿರುತ್ತಾರೆ, ಬಿಲ್ಲು ಡಾಲರಿನಲ್ಲಿ. ಇಲ್ಲಿನ ಸಾಮಾನ್ಯ ಆರೋಗ್ಯ ವಿಮೆ ಅಲ್ಲಿ ನಡೆಯುವುದಿಲ್ಲ. ಪ್ರವಾಸ ವಿಮೆ ಕೊಳ್ಳುವಾಗ ಹಡಗಿನಿಂದ ದಡಕ್ಕೆ ಸಾಗಿಸುವ ವೆಚ್ಚ, ಮೊದಲೇ ಇರುವ ಕಾಯಿಲೆ, ಎರಡೂ ಸೇರಿವೆಯೇ ಎಂದು ಪಾಲಿಸಿ ಓದಿಯೇ ಸಹಿ ಹಾಕಿ.

ಸಣ್ಣಪುಟ್ಟ ಸುಲಿಗೆಗಳೂ ಇವೆ. ದಡ ಬಿಟ್ಟ ಮೇಲೆ ಮೊಬೈಲು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಜೋತುಬಿದ್ದರೆ ಮನೆಗೆ ಮಾಡಿದ ಒಂದು ಕರೆ ಸಾವಿರಗಳಲ್ಲಿ ಬರಬಹುದು. ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ. ಸೂಟ್‌ಕೇಸಿನಲ್ಲಿ ಮಿನಿ ರೈಸ್ ಕುಕ್ಕರ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಇಟ್ಟರೆ ಬೆಂಕಿಯ ಭಯಕ್ಕೆ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಮಗಳಿಗೆಂದು ಒಯ್ದ ಮಾವಿನಹಣ್ಣು, ಕೋಳಿ ಸುಕ್ಕ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಇಳಿಯುವಾಗ ಕಸದ ಬುಟ್ಟಿಗೆ. ಘೋಷಿಸದೆ ಸಿಕ್ಕಿಬಿದ್ದರೆ ದಂಡ ಬೇರೆ.

ಹಡಗಿನ ರುಚಿ ನೋಡಲೇಬೇಕೆಂದರೆ ಮತ್ಸ್ಯಗಂಧ ರೈಲು ಹತ್ತಿ ಮುಂಬಯಿಗೆ ಹೋಗಿ. 2021ರ ಸೆಪ್ಟೆಂಬರಿನಿಂದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಎಂಬ ಹಡಗು ಅಲ್ಲಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆಗೆ ಓಡಾಡುತ್ತಿದೆ. 1990ರಲ್ಲಿ ಕಟ್ಟಿದ ಹಳೆಯ ಹಡಗು, ಸದ್ದುಗದ್ದಲ ಹೆಚ್ಚು, ಕ್ವೀನ್ ಮೇರಿಯ ಗಾಂಭೀರ್ಯ ನಿರೀಕ್ಷಿಸಬೇಡಿ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗದು, ಸಣ್ಣ ದೋಣಿಗೆ ಇಳಿಯಬೇಕು, ಅಲೆ ಜೋರಿದ್ದರೆ ಇಳಿಸುವುದೇ ಇಲ್ಲ. ಆದರೆ ವೀಸಾ ಬೇಡ, ಜೈನ ಊಟವೂ ಸಿಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಅರಬ್ಬಿ ಸಮುದ್ರ ಶಾಂತವಾಗಿರುತ್ತದೆ, ಆಗ ಎರಡು ಮೂರು ರಾತ್ರಿಯದನ್ನು ಮಾಡಿ. ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ನಿದ್ದೆ ಬರುತ್ತದೆಯೇ, ಮೂರನೇ ಸಂಜೆಗೆ ಮಾಡಲು ಕೆಲಸವಿಲ್ಲದೆ ಮೈ ಪರಚಿಕೊಳ್ಳುವಂತಾಗುತ್ತದೆಯೇ, ಇವೆರಡೂ ಅಲ್ಲೇ ತಿಳಿಯುತ್ತವೆ. ಆ ಪರೀಕ್ಷೆಯಲ್ಲಿ ಗಂಡ-ಹೆಂಡತಿ ಇಬ್ಬರೂ ಪಾಸಾದರೆ ಮಾತ್ರ ಅಮೆರಿಕದ ವೀಸಾ ಅರ್ಜಿ ತುಂಬಿ.