ಹಳೇ ಸರ್ವರ್‌ಗೆ ಡಾಟ್‌ನೆಟ್ 4.8 ಹಾಕಿ ‘ಮುಗೀತ್ರಿ’ ಅನ್ನೋ ನಮ್ಮ ಮಂದಿಗೆ

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಸಿಸ್ಟಮ್ ಸರ್ವಿಸ್ ಮಾಡೋ ಗೆಳೆಯರು ಇದನ್ನ ಓದಿ ಸಿಟ್ಟಾದ್ರೂ ಪರವಾಗಿಲ್ಲ. ವಿಂಡೋಸ್ ಸರ್ವರ್ 2008 ಆರ್2 ಮೇಲೆ ಡಾಟ್‌ನೆಟ್ ಫ್ರೇಮ್‌ವರ್ಕ್ 4.8 (ಅಪ್ಲಿಕೇಶನ್‌ಗಳು ಓಡೋಕೆ ಬೇಕಾದ ಮೈಕ್ರೋಸಾಫ್ಟಿನ ತಳಹದಿ) ಕೂರಿಸಿ, “ಅಪ್‌ಡೇಟ್ ಮಾಡೇವ್ರಿ, ಇನ್ನ ಚಿಂತಿಲ್ಲ” ಅಂತ ವಿಸಿಟಿಂಗ್ ಚಾರ್ಜ್ ತಗೊಂಡು ಬರೋದನ್ನ ಬಿಡೋಣ.

ಹಾಕೋಕೆ ಬರುತ್ತೆ, ಇಲ್ಲ ಅನ್ನಲ್ಲ. 2019ರ ಏಪ್ರಿಲ್‌ನಲ್ಲಿ ಬಂದ 4.8, ಸರ್ವಿಸ್ ಪ್ಯಾಕ್ 1 ಇದ್ರೆ ಆ ಮಷಿನ್ ಮೇಲೂ ಕೂರುತ್ತೆ. ಆದ್ರೆ ಹೇಗೆ ಕೂರುತ್ತೆ ನೋಡಿ. ಬ್ಯಾಡಗಿಯ ಒಂದು ದಲಾಲಿ ಅಂಗಡಿ. ಸಿಪಿಯು ಮೇಲೆ ಮೆಣಸಿನಕಾಯಿ ಘಾಟು, ಮುಚ್ಚಳ ತೆಗೆದ್ರೆ ಸೀನು. ವೈರಸ್ ಬರ್ತೈತಿ ಅಂತ ದಿವಾನ್ಜಿ ಎಂದೋ ನೆಟ್ ಕೇಬಲ್ ಕಿತ್ತಿಟ್ಟಿದ್ದರು. ಹಾಗಾಗಿ ರೂಟ್ ಸರ್ಟಿಫಿಕೇಟುಗಳೂ (ಫೈಲ್ ಅಸಲಿಯೇ ಅಂತ ಪರೀಕ್ಷಿಸೋಕೆ ವಿಂಡೋಸ್ ನಂಬೋ ಡಿಜಿಟಲ್ ದಾಖಲೆಗಳು) ಹಳೇವೇ. ಇನ್‌ಸ್ಟಾಲರ್ ಅರ್ಧಕ್ಕೆ ನಿಂತು, ಸರ್ಟಿಫಿಕೇಟ್ ಚೈನ್ ನಂಬೋ ಹಾಗಿಲ್ಲ ಅಂತು. ಮೈಕ್ರೋಸಾಫ್ಟಿನ 2011ರ ರೂಟ್ ಸರ್ಟಿಫಿಕೇಟನ್ನ ಪೆನ್‌ಡ್ರೈವ್‌ನಲ್ಲಿ ಒಯ್ದು ಕೈಯಾರೆ ಸೇರಿಸಿದ ಮೇಲೇ ಮುಂದೆ ಹೋಯ್ತು.

ಕೇಬಲ್ ಮತ್ತೆ ಹಚ್ಚಿದ್ರೂ ಜಿಎಸ್‌ಟಿ ಪೋರ್ಟಲ್‌ಗೆ ಇ-ಇನ್‌ವಾಯ್ಸ್, ಅಂದ್ರೆ ಆನ್‌ಲೈನ್ ಬಿಲ್, ಹೋಗಲಿಲ್ಲ. (2023ರ ಆಗಸ್ಟ್‌ನಿಂದ 5 ಕೋಟಿ ವಹಿವಾಟು ದಾಟಿದ ಹೆಚ್ಚಿನ ವ್ಯಾಪಾರಿಗಳಿಗೆ ಅದು ಕಡ್ಡಾಯ, ಸಾವ್ಕಾರ್ರ ಗಡಿಬಿಡಿ ಅದಕ್ಕೇ.) 2008 ಆರ್2ನಲ್ಲಿ ಅದಕ್ಕೆ ಬೇಕಾದ ಟಿಎಲ್‌ಎಸ್ 1.2 (ನೆಟ್‌ನಲ್ಲಿ ಗುಟ್ಟಾಗಿ ಮಾತಾಡೋ ವಿಧಾನ) ಇದೆ, ಆದ್ರೆ ಆಫ್ ಆಗಿರುತ್ತೆ. ವಿಂಡೋಸ್ ಸೆಟ್ಟಿಂಗ್ ಇರೋ ರಿಜಿಸ್ಟ್ರಿಯಲ್ಲಿ ಆನ್ ಮಾಡಬೇಕು, ಹಳೇ ಅಪ್ಲಿಕೇಶನ್ ಇದ್ರೆ ಡಾಟ್‌ನೆಟ್‌ಗೂ ಬೇರೆ ಕೀ ಹಾಕಬೇಕು. ಇಲ್ಲೇ ನನ್ನ ತಕರಾರು ಇರೋದು: ಫ್ರೇಮ್‌ವರ್ಕ್ ಎಷ್ಟೇ ಹೊಸದಿರಲಿ, ಹೊರಗಿನವರ ಜೊತೆ ಮಾತಾಡೋದು ಕೆಳಗಿರೋ ಹಳೇ ವಿಂಡೋಸೇ.

ಆ ವಿಂಡೋಸ್‌ಗೆ ಸಾಮಾನ್ಯ ಸಪೋರ್ಟ್ 2020ರ ಜನವರಿ 14ಕ್ಕೆ ನಿಂತಿದೆ. 2017ರಲ್ಲಿ ವನ್ನಾಕ್ರೈ ಅನ್ನೋ, ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್ ನುಗ್ಗಿದ್ದು ಫೈಲ್ ಶೇರಿಂಗ್‌ನ ತೂತಿನಿಂದ. ಅಂಥ ತೂತು ಮುಚ್ಚೋದು ಡಾಟ್‌ನೆಟ್‌ನ ಕೆಲಸವೇ ಅಲ್ಲ. ನಾವು ಮಾತ್ರ ಆವತ್ತು ನೆಟ್ ಕೊಟ್ಟು ಬಂದಿರ್ತೀವಿ. ಅಂದ್ರೆ ಅಪ್‌ಡೇಟ್ ಆದ ಮೇಲೆ ಅಂಗಡಿಗೆ ಅಪಾಯ ಜಾಸ್ತಿನೇ ಆಯ್ತು! ದಿವಾನ್ಜಿ ಕೇಬಲ್ ಕಿತ್ತಿದ್ದು ಅಷ್ಟು ದಡ್ಡತನವೇನಲ್ಲ.

ಸರ್ವರ್ 2012 ಆರ್2 ಇಟ್ಕೊಂಡವರೂ ನಗಬೇಡಿ. ಅದರ ಸಾಮಾನ್ಯ ಸಪೋರ್ಟ್ 2023ರ ಅಕ್ಟೋಬರ್ 10ಕ್ಕೆ ಮುಗೀತು, ಮುಂದಿನ ಡಾಟ್‌ನೆಟ್ 4.8.1 ಅದರ ಮೇಲೆ ಕೂರೋದೂ ಇಲ್ಲ.

“ನಡೀತೈತಲ್ರಿ, ಯಾಕ ಬದಲಿ ಮಾಡೂದು?” ಅನ್ನೋ ಸಾವ್ಕಾರ್ರನ್ನ ಜಿಪುಣ ಅನ್ನೋದು ಸುಲಭ. ಎಷ್ಟೋ ಕಡೆ ಸಾಫ್ಟ್‌ವೇರ್ ಬರೆದವನೇ ಊರು ಬಿಟ್ಟಿರ್ತಾನೆ, ಸೆಟಪ್ ಫೈಲೂ ಇರಲ್ಲ. ಅಂಥಲ್ಲಿ ಮೊದಲು ಪೂರ್ತಿ ಇಮೇಜ್ ಬ್ಯಾಕಪ್ (ಡಿಸ್ಕಿನ ಇಡೀ ನಕಲು) ತೆಗೀರಿ. ಹಳೇದನ್ನ ಹಾಗೇ ವರ್ಚುವಲ್ ಮಷಿನ್ (ಸಾಫ್ಟ್‌ವೇರ್‌ನಲ್ಲೇ ಓಡೋ ಕಂಪ್ಯೂಟರ್) ಮಾಡಿ ಹೊಸ ಸರ್ವರ್ ಒಳಗೆ ಕೂಡಿಹಾಕಿ, ನೆಟ್ ಹೊಸದಕ್ಕಷ್ಟೇ ಕೊಡಿ, ಇ-ಇನ್‌ವಾಯ್ಸ್ ಅಲ್ಲಿಂದಲೇ ಹೋಗಲಿ. ಅಲ್ಲೀವರೆಗೆ 4.8 ಹಾಕಲೇಬೇಕಾದ್ರೆ ಹಾಕಿ, ಆದ್ರೆ ಬಿಲ್ ಮೇಲೆ ‘ತಾತ್ಕಾಲಿಕ’ ಅಂತ ಕನ್ನಡದಲ್ಲೇ ಬರೆದು ಸಹಿ ತಗೋರಿ.

ಬ್ಯಾಡಗಿಯವರಿಗೆ ಹಂಗೇ ಬರೆದು ಕೊಟ್ಟೀನಿ, ಹೊಸ ಸರ್ವರ್‌ನ ಕೊಟೇಶನ್ ಜೊತೆಗೆ. ಸೀಸನ್ ಮುಗಿಯಲಿ ಅಂದಾರ. ರೇಟಿನ ಚೌಕಾಸಿ ಮಾತ್ರ ಈಗಲೇ ಶುರು ಆಗೇತಿ.